ಬಣ್ಣ ಬಿಟ್ಟ ಕೌದಿ

ಭಾನುವಾರ ಬೆಳಿಗ್ಗೆ ಏಳೂವರೆಗೆ ಮಸ್ಕಿಯಿಂದ ಭಾರತಿಯ ಫೋನು ಬರದೇ ಹೋಗಿದ್ದರೆ ದುರುಗೇಶನ ಆ ದಿನ ಸುಖವಾಗಿಯೇ ಕಳೆಯುತ್ತಿತ್ತು. ಅವನು ಚಹಾ ಕುಡಿದು, ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯನ್ನು ಬಾಗಿಲ ಮೊಳೆಗೆ ತೂಗುಹಾಕಿ, ಮಧ್ಯಾಹ್ನದ ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ ಎಂದು ಕಾಲು ಚಾಚಿ ಕೂತಿದ್ದ. ಸಂಜೆ ಮಸ್ಕಿಯ ಅತ್ತೆಮನೆಯಲ್ಲಿ ಅವನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು.

"ಕೌದಿ ತೊಳದೀರಿಲ್ಲೋ?" ಎಂದಳು ಭಾರತಿ.

"ಹೊಸಾ ಕೌದಿ. ಅದನ್ಯಾಕ ತೊಳೀಬೇಕು?"

"ಕೌದಿ ಹೊಸಾದು, ಬಟ್ಟಿ ಎಲ್ಲಾ ಹಳೇವು. ದೊಡ್ಡವ್ವನ ಟ್ರಂಕಿನಾಗ ಎಷ್ಟು ವರ್ಷ ಬಿದ್ದಿದ್ವೋ ಏನೋ. ನಿನ್ನೆ ನರ್ಸಕ್ಕ ಬಂದಿದ್ರು. ಕೂಸಿಗೆ ಹಾಸೋದು, ಹೊದಸೋದು ಎಲ್ಲಾ ಬಿಸಿನೀರಾಗ ತೊಳದು, ಬಿಸಲಿಗೆ ಒಣಗಿಸಿ ಹಾಕ್ರಿ ಅಂದ್ರು. ಈಗ ನೆನಸಿದ್ರ ಹನ್ನೆರಡಕ್ಕ ಒಣಗತೈತಿ. ನಮ್ಮ ಸಿಂಧನೂರಾಗ ಬಿಸಲಿಗೇನು ಬರ ಐತೇನ್ರಿ?"

ದುರುಗೇಶ ಹೂಂ ಎಂದ. ಹೆಂಡತಿ ತವರಿಗೆ ಹೋದ ಮೂರು ತಿಂಗಳಲ್ಲಿ ಅವನು ಬಟ್ಟೆ ಒಗೆಯುವುದರಲ್ಲಿ ಸಾಕಷ್ಟು ಪಳಗಿದ್ದೇನೆ ಎಂದುಕೊಂಡಿದ್ದ.

ಕೌದಿ ಮಾತ್ರ ಸಾಮಾನ್ಯದ್ದಾಗಿರಲಿಲ್ಲ. ದುರುಗೇಶನಿಗೆ ಎಂಟು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಅವನನ್ನು ಸಾಕಿ, ಓದಿಸಿ, ದಢೇಸುಗೂರಿನ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರನಾಗುವ ತನಕ ನಿಂತು ನೋಡಿಕೊಂಡವಳು ತಾಯಿಯ ಅಕ್ಕ, ತುರ್ವಿಹಾಳದ ಪಾರ್ವತೆಮ್ಮ. ಭಾರತಿ ಬಸುರಿ ಎಂದು ಗೊತ್ತಾದಂದಿನಿಂದ ದೊಡ್ಡವ್ವ ತಾನು ಕೌದಿ ಹೊಲಿಯುತ್ತಿರುವ ಸುದ್ದಿಯನ್ನು ಕಂಡ ಕಂಡವರಿಗೆಲ್ಲ ಹೇಳುತ್ತ ಬಂದಿದ್ದಳು. ಮೂರು ದಿನದ ಹಿಂದೆ ಸಿಂಧನೂರಿನ ಬಸ್‌ಸ್ಟ್ಯಾಂಡಿಗೆ ಬಂದು ಕೌದಿಯ ಗಂಟನ್ನು ಅವನ ಕೈಗಿಟ್ಟಿದ್ದಳು. "ನಾ ಸೀದಾ ಮಸ್ಕಿಗೆ ಬರ್ತೀನಿ. ಇದು ವಜ್ಜೆ ಆಗತೈತಿ, ನೀ ತಗೊಂಡು ಬಾ. ನಡುವಿನ ಕೆಂಪು ತುಂಡು ಐತಲ್ಲ, ಅದು ನಿಮ್ಮವ್ವನ ಸೀರಿ. ಹಬ್ಬಕ್ಕ ಹುಣ್ಣಿಮಿಗೆಲ್ಲ ಅದನ್ನೇ ಉಡ್ತಿದ್ಲು," ಎಂದಿದ್ದಳು.

ಮನೆಗೆ ಬಂದು ದುರುಗೇಶ ಗಂಟು ಬಿಚ್ಚಿದ್ದ. ಬಿಳಿ, ಕೆನೆ, ಹಳದಿ, ತಿಳಿಹಸಿರು ತುಂಡುಗಳ ನಡುವೆ ಮೊಳದಗಲದ ಕೆಂಪು ಚೌಕ. ತಾಯಿಯ ಮುಖ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಆ ಕೆಂಪಿನ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ.

ಅಂಥ ಕೌದಿಯನ್ನು ಅವನು ಈಗ ಮಾಳಿಗೆಯ ಮೇಲೆ, ಸ್ನಾನದ ದೊಡ್ಡ ಟಬ್ಬಿನಲ್ಲಿ, ಹಬೆಯಾಡುವ ನೀರಿಗೆ ಹಾಕಿ, ಎರಡು ಹಿಡಿ ಸಾಬೂನು ಪುಡಿ ಎರಚಿ, ದಾಡಿ ಮಾಡಿಕೊಳ್ಳಲು ಒಳಗೆ ಹೋದ. ಒಂದು ಕೆನ್ನೆ ಮುಗಿಸಿ, ನೆನೆದಿದೆಯೋ ಇಲ್ಲವೋ ನೋಡಿ ಬರೋಣವೆಂದು ಹೊರಗೆ ಬಂದವನು ಅಲ್ಲೇ ನಿಂತ.

ಟಬ್ಬಿನ ನೀರು, ಹೋಳಿ ಆಡಿ ಬಂದ ಹತ್ತು ಮಂದಿ ಒಟ್ಟಿಗೆ ಮಿಂದೆದ್ದಂತೆ ಕೆಂಪಗಾಗಿತ್ತು. ಕೌದಿಯನ್ನು ಎಳೆದು ನೋಡಿದ. ಬಿಳಿ ತುಂಡುಗಳು ಗುಲಾಬಿಯಾಗಿದ್ದವು, ಕೆನೆಬಣ್ಣದವು ಕಿತ್ತಳೆಯಾಗಿದ್ದವು, ಹಸಿರು ತುಂಡುಗಳು ಹೆಸರಿಲ್ಲದ ಯಾವುದೋ ಬಣ್ಣಕ್ಕೆ ತಿರುಗಿದ್ದವು. ನಡುವಿನ ಚೌಕ ಮಾತ್ರ ಇಷ್ಟೆಲ್ಲ ಹಂಚಿಯೂ ಇನ್ನೂ ಬೇಕಾದಷ್ಟಿದೆ ಎನ್ನುವಂತೆ ಕೆಂಪಗೇ ಇತ್ತು.

"ಏನ್ರಿ ಮಾಸ್ತರ, ಬೀಟ್‌ರೂಟ್ ಕುದಸಾಕತ್ತೀರೇನು?"

ಕೆಳಗಿನ ಮನೆಯ ಶಿವಕುಮಾರಿ ಮೆಟ್ಟಿಲ ಮೇಲೆ ನಿಂತಿದ್ದಳು. ದುರುಗೇಶ ಬಾಡಿಗೆಗಿದ್ದ ಮನೆಯ ಒಡತಿ ಅವಳು. ಮಾಳಿಗೆಯಲ್ಲಿ ಬೆಕ್ಕು ಸೀನಿದರೂ ಮೇಲೆ ಬಂದು ನೋಡುವ ಹೆಂಗಸು.

"ಕೌದಿ ಬಣ್ಣ ಬಿಟ್ಟೈತ್ರಿ ಅಕ್ಕಾರ," ಎಂದ ದುರುಗೇಶ. ಅವನ ಒಂದು ಕೆನ್ನೆಯ ತುಂಬ ಇನ್ನೂ ಸಾಬೂನಿನ ನೊರೆಯಿತ್ತು.

ಶಿವಕುಮಾರಿ ಬಗ್ಗಿ ನೋಡಿ ತುಟಿ ಚಪ್ಪರಿಸಿದಳು. "ಬಿಸಿನೀರಾಗ ಯಾರ ಹಾಕಂದ್ರು? ಅದೂ ಡ್ರಾಯಿಂಗ್ ಮಾಸ್ತರ ನೀವು. ಹಗಲೆಲ್ಲಾ ಬಣ್ಣದಾಗೇ ಇರೋರು. ಇರ್ಲಿ, ಉಪ್ಪು ಹಾಕ್ರಿ. ಉಪ್ಪಿನ ನೀರಾಗ ಇಟ್ರ ಬಣ್ಣ ಅಲ್ಲಲ್ಲೇ ನಿಲ್ಲತೈತಿ."

"ಎಷ್ಟು ಹಾಕಲ್ರಿ?"

"ಒಂದ್ ಹಿಡಿ."

ಒಂದು ಹಿಡಿ ಉಪ್ಪು ಇಷ್ಟು ದೊಡ್ಡ ಅನಾಹುತಕ್ಕೆ ಎಲ್ಲಿ ಸಾಲುತ್ತದೆ ಎನಿಸಿ ದುರುಗೇಶ ಇಡೀ ಪೊಟ್ಟಣವನ್ನು ಸುರಿದ. ಬಣ್ಣ ಅಲ್ಲಲ್ಲೇ ನಿಂತಿದ್ದು ನಿಜ. ಎಲ್ಲೆಲ್ಲಿ ಹರಿದಿತ್ತೋ ಅಲ್ಲಲ್ಲೇ ನಿಂತಿತು.

ಅಷ್ಟರಲ್ಲಿ ಪಕ್ಕದ ಮಾಳಿಗೆಯಲ್ಲಿ ಕೈಕಾಲು ಆಡಿಸುತ್ತ ವ್ಯಾಯಾಮ ಮಾಡುತ್ತಿದ್ದ ಅಮರಗುಂಡಪ್ಪನವರು ವ್ಯಾಯಾಮ ಬಿಟ್ಟು ಗೋಡೆಗೆ ಬಂದು ಒರಗಿದರು. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಮ್ಯಾನೇಜರಾಗಿ ನಿವೃತ್ತರಾದವರು. ಈಗ ಅವರ ಕೈಕೆಳಗೆ ಯಾರೂ ಇಲ್ಲದ್ದರಿಂದ ಓಣಿಯನ್ನೆಲ್ಲ ಕೈಕೆಳಗೆ ತೆಗೆದುಕೊಂಡಿದ್ದರು.

"ಉಪ್ಪು ಯಾರು ಹೇಳಿದ್ರು?" ಎಂದರು.

"ನಾನ್ರಿ," ಎಂದಳು ಶಿವಕುಮಾರಿ.

"ಉಪ್ಪು ತೊಳಿಯಾಕಿಂತ ಮೊದ್ಲು ಹಾಕೋದು, ತಂಗೀ. ಬಣ್ಣ ಬಿಟ್ಟ ಮ್ಯಾಲೆ ಹಾಕಿದ್ರ ಅದು ಹತ್ತಿಕೊಂಡು ಕುಂದರತೈತಿ. ಇದಕ್ಕ ಹುಳಿ ಬೇಕು, ಹುಳಿ." ಅವರು ಫೋನು ತೆಗೆದು ಕಣ್ಣಿನಿಂದ ಒಂದು ಮಾರು ದೂರ ಹಿಡಿದು ಓದಿದರು. "ಇಲ್ಲಿ ಬರದಾರ ನೋಡು, ಲಿಂಬಿಹಣ್ಣು ಅಂತ."

ಲಿಂಬೆಹಣ್ಣು ಮನೆಯಲ್ಲಿ ಎರಡೇ ಇದ್ದವು. ಉಳಿದದ್ದಕ್ಕೆ ಹುಣಸೆಹಣ್ಣು ನಡೆಯುತ್ತದೆಂದು ಅಮರಗುಂಡಪ್ಪನವರೇ ಅಪ್ಪಣೆ ಕೊಟ್ಟರು. ದುರುಗೇಶ ಹುಣಸೆಹಣ್ಣು ಕಿವುಚಿ ಹಾಕಿದ. ಈಗ ಟಬ್ಬಿನಿಂದ ಸಾರಿನ ವಾಸನೆ ಏಳತೊಡಗಿತು. ಹಳದಿ ತುಂಡುಗಳ ಮೇಲೆ ಹುಣಸೆಯ ಕಂದು ಕಲೆ ಬೇರೆ ಕೂತಿತು.

"ಒಗ್ಗರಣಿ ಒಂದು ಹಾಕ್ರಿ ಮತ್ತ, ಊಟಕ್ಕ ಆಗತೈತಿ," ಎಂದು ಶಿವಕುಮಾರಿ ಸೆರಗು ಕೊಡವಿದಳು.

ಅಮರಗುಂಡಪ್ಪನವರು ಸೋಲುವವರಲ್ಲ. ಒಳಗೆ ಹೋಗಿ, ನೀರಿನ ಟಾಕಿ ತೊಳೆಯಲು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರಿನ ಡಬ್ಬಿ ಹಿಡಿದು ಬಂದು ಗೋಡೆಯ ಮೇಲಿಂದ ದಾಟಿಸಿದರು. "ಇದು ಕಟ್ಟಕಡೀ ಔಷಧ. ಸ್ವಲ್ಪ ಹಾಕು. ಬಿಳೀ ತುಂಡು ಕೊಕ್ಕರಿ ಹಂಗ ಆಗಲಿಲ್ಲಂದ್ರ ನನ್ನ ಕೇಳು."

ಹಾಕಬಾರದೆಂದು ದುರುಗೇಶನ ಮನಸ್ಸು ಹೇಳುತ್ತಿತ್ತು. ಆದರೆ ಗಡಿಯಾರ ಹತ್ತು ತೋರಿಸುತ್ತಿತ್ತು, ಸಂಜೆ ದೊಡ್ಡವ್ವನ ಮುಖ ನೋಡಬೇಕಿತ್ತು. ಸುಮ್ಮನೆ ನಿಲ್ಲಲು ಅವನ ಕೈ ಬಿಡಲಿಲ್ಲ. ಹಾಕಿಯೇಬಿಟ್ಟ. ಕಾಲು ತಾಸಿನಲ್ಲಿ ಹಸಿರು ತುಂಡುಗಳು ತೊನ್ನು ಹತ್ತಿದಂತೆ ಚುಕ್ಕಿ ಚುಕ್ಕಿಯಾಗಿ ಬೆಳ್ಳಗಾದವು. ಗುಲಾಬಿಯಾಗಿದ್ದ ತುಂಡುಗಳು ಒಂದಿಷ್ಟೂ ಅಲುಗಲಿಲ್ಲ. ಅಮರಗುಂಡಪ್ಪನವರು ಒಂದು ಸಲ ಬಗ್ಗಿ ನೋಡಿ, "ಬಿಪಿ ಗುಳಿಗಿ ತಗೊಳ್ಳೋದು ಮರತಿದ್ದೆ," ಎಂದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ದುರುಗೇಶ ಎರಡು ಮೂರು ಸಲ ತಣ್ಣೀರಿನಲ್ಲಿ ಜಾಲಾಡಿದ. ನೀರಿನಲ್ಲಿ ನೆನೆದ ಕೌದಿ ಹೋರಿಗರುವಿನಷ್ಟು ಭಾರವಾಗಿತ್ತು. ಹಿಂಡಲು ಇಬ್ಬರು ಬೇಕು, ಇದ್ದವನು ಒಬ್ಬ. ತಬ್ಬಿಕೊಂಡು ಎತ್ತಿ, ಬೀದಿಯ ಕಡೆಯ ಮೋಟುಗೋಡೆಯ ಮೇಲೆ ಹರಡಿ, ಒಣಗಿದ ಮೇಲೆ ಬಣ್ಣ ತಿಳಿಯಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅರ್ಧಕ್ಕೆ ನಿಂತ ದಾಡಿ ಮುಗಿಸಲು ಹೋದ.

ಎರಡನೆಯ ಕೆನ್ನೆಗೆ ಬ್ಲೇಡು ಇಟ್ಟಿದ್ದನೋ ಇಲ್ಲವೋ ಕೆಳಗಿನಿಂದ ಶಿವಕುಮಾರಿಯ ಕೂಗು ಬಂತು.

ಅವಳು ಬೆಳಿಗ್ಗೆಯಿಂದ ಅಂಗಳದಲ್ಲಿ ಎರಡು ಹೊರಸು ಹಾಕಿ, ಅವುಗಳ ಮೇಲೆ ಬಿಳಿ ಪಂಚೆ ಹಾಸಿ ಶ್ಯಾವಿಗೆ ಒಣಗಿಸಿದ್ದಳು. ಕೌದಿ ಸರಿಯಾಗಿ ಅದರ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ದುರುಗೇಶ ಇಳಿದು ಬಂದಾಗ ಒಂದು ಹೊರಸಿನ ಶ್ಯಾವಿಗೆ ಪೂರಾ ಗುಲಾಬಿಯಾಗಿ, ಮದುವೆ ಮಂಟಪಕ್ಕೆ ಕಟ್ಟುವ ಕಾಗದದ ಜಾಲರಿಯಂತೆ ಕಾಣುತ್ತಿತ್ತು.

"ಎರಡ್ ದಿನದ ದುಡಿಮಿ ಮಾಸ್ತರ," ಎಂದಳು ಶಿವಕುಮಾರಿ. ಅವಳ ದನಿ ಇಳಿದಿತ್ತು, ಅದಕ್ಕೇ ದುರುಗೇಶನಿಗೆ ಹೆಚ್ಚು ಹೆದರಿಕೆಯಾಯಿತು. "ನಿಮಗ ಉಪ್ಪು ಹೇಳಿಕೊಟ್ಟಿದ್ದಕ್ಕ ನನಗಿದು ಬೇಕಾಗಿತ್ತು."

"ತಪ್ಪಾತ್ರಿ ಅಕ್ಕಾರ. ತೊಳದು ಕೊಡ್ತೀನಿ."

"ಶ್ಯಾವಿಗಿನ?"

ದುರುಗೇಶ ಮೆಟ್ಟಿಲ ಕಡೆ ತಿರುಗಿದ. ಮೇಲೆ ಓಡಿಹೋಗಿ ಕೌದಿಯನ್ನು ಗೋಡೆಯಿಂದ ಎಳೆದುಕೊಂಡ. ಇನ್ನು ಆ ಮನೆಯಲ್ಲಿ ಅದನ್ನು ಒಣಗಿಸುವಂತಿರಲಿಲ್ಲ. ಹೇಗೋ ದಾಡಿ ಮುಗಿಸಿ, ಬಿಳಿ ಅಂಗಿ ತೊಟ್ಟು, ಕೌದಿಯನ್ನು ಗೊಬ್ಬರದ ಖಾಲಿ ಚೀಲಕ್ಕೆ ತುರುಕಿ, ಬೈಕಿನ ಟಾಕಿಯ ಮೇಲಿಟ್ಟುಕೊಂಡು ಹಳೇ ಪೇಟೆಯ ಗೌಸ್‌ಸಾಬರ ಅಂಗಡಿಗೆ ಹೊರಟ. ಅಂಗಡಿ ಮುಟ್ಟುವಷ್ಟರಲ್ಲಿ ಬಿಳಿ ಅಂಗಿಯ ಹೊಟ್ಟೆಯ ಮೇಲೆ ಅಂಗೈಯಗಲದ ಕೆಂಪು ಹರಡಿತ್ತು.

ಗೌಸ್‌ಸಾಬರು ಐವತ್ತು ವರ್ಷದಿಂದ ಗಾದಿ, ದಿಂಬು ಹೊಲಿಯುತ್ತಿದ್ದವರು. ದುರುಗೇಶನನ್ನು ನೋಡಿದ ಕೂಡಲೇ ಕೈಲಿದ್ದ ಸೂಜಿ ಕೆಳಗಿಟ್ಟು ಎದ್ದು ನಿಂತರು. "ಅರೆ ಮಾಸ್ತರ್ ಸಾಬ್, ಏನಾತು? ಯಾರ್ ಹೊಡದ್ರು?"

"ಯಾರೂ ಹೊಡದಿಲ್ರಿ ಚಾಚಾ. ಕೌದಿ."

ಗೌಸ್‌ಸಾಬರು ಕೌದಿಯನ್ನು ಕಟ್ಟೆಯ ಮೇಲೆ ಹರಡಿ, ಕನ್ನಡಕ ಏರಿಸಿ, ಮೊದಲು ಮೂಸಿ ನೋಡಿದರು. "ಹುಣಸೀಹಣ್ಣು ಯಾಕ ಬಂತು ಇಲ್ಲಿ?" ಎಂದರು. ದುರುಗೇಶ ಎಲ್ಲವನ್ನೂ ಹೇಳಿದ. ಅವರು ಕೇಳುತ್ತಲೇ ತಮ್ಮ ಬಿಳಿ ಕರವಸ್ತ್ರದ ತುದಿಯನ್ನು ನೀರಿನಲ್ಲಿ ಅದ್ದಿ ಕೆಂಪು ಚೌಕವನ್ನು ಒರೆಸಿದರು. ಕರವಸ್ತ್ರ ಕೆಂಪಾಯಿತು. ಇನ್ನೊಂದು ತುದಿಯಿಂದ ಒರೆಸಿದರು. ಅದೂ ಕೆಂಪಾಯಿತು.

"ಹರದ ಬಣ್ಣ ಇನ್ನ ಹೋಗಂಗಿಲ್ಲ. ಉಪ್ಪು, ಹುಳಿ, ಬಿಸಿನೀರು, ಎಲ್ಲಾ ಕೂಡಿ ಪಕ್ಕಾ ಮಾಡಿಬಿಟ್ಟಾವ. ಆದ್ರ ಒಂದು ಮಾತು. ಈ ಕೆಂಪು ಬಟ್ಟಿ ಎಲ್ಲೀದು?"

"ನಮ್ಮವ್ವನ ಸೀರೀರಿ. ಮೂವತ್ತು ವರ್ಷದ ಹಿಂದಿಂದು."

"ಉಟ್ಟಿದ್ರೇನು? ತೊಳದಿದ್ರೇನು?"

"ಹಬ್ಬಕ್ಕೆಲ್ಲ ಅದನ್ನೇ ಉಡ್ತಿದ್ಲಂತ."

ಗೌಸ್‌ಸಾಬರು ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿದರು, ಬೆಳಕಿಗೆ ಹಿಡಿದರು, ತಲೆಯಾಡಿಸಿದರು. "ಇದು ಅಲ್ಲ."

"ಏನು ಅಲ್ಲ?"

"ಕಾಲುವಿ ಕಲ್ಲಿನ ಮ್ಯಾಲೆ ನೂರು ಸಲ ಕುಕ್ಕಿ ತೊಳದ ಸೀರಿ ಇದು ಅಲ್ಲ. ಅಂಥಾ ಸೀರಿ ಬಿಡೋ ಬಣ್ಣ ಎಲ್ಲಾ ಮೊದಲ ವರ್ಷನ ಬಿಟ್ಟು ಮುಗಿಸಿರತೈತಿ. ಇದು ನಿನ್ನೆ ಮೊನ್ನೆ ಅಂಗಡಿಯಾಗ ಮಾರಿದ ಅಗ್ಗದ ಮಾಲು. ಒಮ್ಮೆನೂ ನೀರು ಕಂಡಿಲ್ಲ."

"ಚಾಚಾ, ನಮ್ಮವ್ವನ ಸೀರಿ ಅದು," ಎಂದ ದುರುಗೇಶ. ದನಿ ಸ್ವಲ್ಪ ಗಟ್ಟಿಯಾಯಿತು.

"ಅಮ್ಮಾಜಿ ಬಗ್ಗೆ ನಾ ಏನೂ ಅನ್ನಾಕತ್ತಿಲ್ಲ. ಬಟ್ಟಿ ಬಗ್ಗೆ ಹೇಳಾಕತ್ತೀನಿ," ಎಂದರು ಗೌಸ್‌ಸಾಬರು ಮೆಲ್ಲಗೆ.

ಬಸ್‌ಸ್ಟ್ಯಾಂಡಿಗೆ ಬರುವ ತನಕ ದುರುಗೇಶನಿಗೆ ಸಿಟ್ಟೇ ಇತ್ತು. ಬೈಕು ನಿಲ್ಲಿಸಿ, ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಹತ್ತುವ ಹೊತ್ತಿಗೆ ಆ ಸಿಟ್ಟು ದಿಕ್ಕು ಬದಲಿಸಿತು. ಗೌಸ್‌ಸಾಬರು ಹೇಳಿದ್ದು ನಿಜವಿದ್ದರೆ? ದೊಡ್ಡವ್ವ ಸೀರೆ ಕತ್ತರಿಸಿಕೊಡಲು ಯಾರ ಕೈಗಾದರೂ ಕೊಟ್ಟಿರಬೇಕು. ಆ ಮಹಾನುಭಾವರು ಅಸಲಿ ಸೀರೆಯನ್ನು ತಾವಿಟ್ಟುಕೊಂಡು, ಅಗ್ಗದ ಕೆಂಪು ಬಟ್ಟೆಯನ್ನು ದಾಟಿಸಿರಬೇಕು. ಕಣ್ಣು ಮಂಜಾದ ಮುದುಕಿಗೆ ಮೋಸ. ತೀರಿಹೋದ ತಾಯಿಯ ಸೀರೆಗೆ ಕನ್ನ. ಬೆಳಗಿನಿಂದ ತಪ್ಪಿತಸ್ಥನಾಗಿ ತಿರುಗಿದ್ದ ದುರುಗೇಶನಿಗೆ ತಾನು ತಪ್ಪಿತಸ್ಥನೇ ಅಲ್ಲ ಎಂದು ಹೊಳೆದದ್ದೇ ಎದೆಯಲ್ಲಿ ಗಾಳಿ ತುಂಬಿಕೊಂಡಿತು. ಇದನ್ನು ನಾಲ್ಕು ಜನರೆದುರು ಹೇಳಲೇಬೇಕು ಎಂದು ತೀರ್ಮಾನಿಸಿದ. ಹೇಗೆ ಹೇಳಬೇಕೆಂದು ತುಟಿ ಅಲ್ಲಾಡಿಸುತ್ತ ಕೂತ.

ಪಕ್ಕದಲ್ಲಿ ಕೂತಿದ್ದವನು ಮೊದಲು ಅವನ ತುಟಿಯನ್ನು, ಆಮೇಲೆ ಅಂಗಿಯನ್ನು, ಆಮೇಲೆ ಕೆಂಪಾದ ಅಂಗೈಗಳನ್ನು ನೋಡಿ, ಎದ್ದು ಹೋಗಿ ಹಿಂದೆ ನಿಂತುಕೊಂಡ. ಅರ್ಧ ದಾರಿ ಸಾಗುವಷ್ಟರಲ್ಲಿ ಚೀಲದ ತಳದಿಂದ ಸಣ್ಣ ಕೆಂಪು ಧಾರೆ ಹೊರಟು, ಬಸ್ಸು ಏರಿದಾಗ ಹಿಂದಕ್ಕೂ ಬ್ರೇಕು ಹಾಕಿದಾಗ ಮುಂದಕ್ಕೂ ಹರಿದಾಡತೊಡಗಿತು. ಮುಂದಿನ ಸೀಟಿನ ಮುದುಕಿ ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡಳು. ಕಂಡಕ್ಟರ್ ಬಂದ.

"ಚೀಲದಾಗ ಏನೈತ್ರಿ?"

"ಕೌದಿ."

"ಕೌದಿಗೆ ರಕ್ತ ಬರತೈತೇನ್ರಿ? ಬಿಚ್ಚರಿ."

ಬಿಚ್ಚಬೇಕಾಯಿತು. ಇಡೀ ಬಸ್ಸು ಬಗ್ಗಿ ನೋಡಿತು. ದುರುಗೇಶ ಕೌದಿಯ ಒಂದು ಮೂಲೆ ಎತ್ತಿ ಹಿಡಿದ. ಯಾರೋ ನಿಟ್ಟುಸಿರು ಬಿಟ್ಟರು, ಯಾರೋ ನಿರಾಶೆಯಿಂದ ಮತ್ತೆ ಫೋನು ನೋಡತೊಡಗಿದರು. ಮುಂದಿನ ಸೀಟಿನ ಮುದುಕಿ ಕಾಲು ಇಳಿಸಿ ತಿರುಗಿ ಕೂತು, "ತಣ್ಣೀರಾಗ ಉಪ್ಪು ಹಾಕಬೇಕಾಗಿತ್ತಪ್ಪ," ಎಂದಳು. ಮಸ್ಕಿ ಬರುವ ತನಕ ಅವಳು ಅದನ್ನೇ ಹೇಳುತ್ತಿದ್ದಳು.

ಅತ್ತೆಯ ಮನೆಯ ಪಡಸಾಲೆಯ ತುಂಬ ಹೆಂಗಸರು ನೆರೆದಿದ್ದರು. ತೊಟ್ಟಿಲಿಗೆ ಹೂ ಕಟ್ಟಿಯಾಗಿತ್ತು. ನಡುವೆ ಕುರ್ಚಿಯಲ್ಲಿ ದೊಡ್ಡವ್ವ ಪಾರ್ವತೆಮ್ಮ ಕೂತಿದ್ದಳು. ದುರುಗೇಶ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಅವಳ ಮಾತು ಕೇಳಿಸಿತು: "ಆರು ತಿಂಗಳು ಯವ್ವಾ. ಹಗಲು ಹೊತ್ತು ಬಾಗಲದಾಗ ಕುಂತು ಹೊಲದೀನಿ. ಒಂದು ಹೊಲಿಗಿ ಡೊಂಕಾದ್ರ ಬಿಚ್ಚಿ ಮತ್ತ ಹಾಕೀನಿ."

"ಬಂದ್ರು ನೋಡ್ರಿ ಅಳಿಯಂದ್ರು. ಕೌದಿ ತಂದಾರ," ಎಂದು ಅತ್ತೆ ಎದ್ದಳು. ಎದ್ದವಳ ಕಣ್ಣು ಅವನ ಅಂಗಿಯ ಮೇಲೆ ಬಿತ್ತು. "ಇದೇನ್ರಿ ಇದು?"

ಭಾರತಿ ಕೂಸನ್ನು ಎತ್ತಿಕೊಂಡು ಕೋಣೆಯಿಂದ ಹೊರಗೆ ಬಂದಳು. ದುರುಗೇಶ, ಬಸ್ಸಿನಲ್ಲಿ ಯೋಚಿಸಿಕೊಂಡಂತೆ, ಪಡಸಾಲೆಯ ನಡುವೆ ಕೌದಿಯನ್ನು ಬಿಚ್ಚಿ ಹರಡಿದ.

ಹೆಂಗಸರು ಸುತ್ತ ಬಂದು ನಿಂತರು. ಗುಲಾಬಿ, ಕಂದು, ಕಿತ್ತಳೆ, ನಡುನಡುವೆ ಬೆಳ್ಳನೆಯ ಚುಕ್ಕಿ. ಮಳೆಯಲ್ಲಿ ತೊಯ್ದ ಯಾವುದೋ ದೇಶದ ನಕಾಶೆಯಂತೆ ಕೌದಿ ಬಿದ್ದಿತ್ತು.

"ಬಿಸಿನೀರಾಗ ತೊಳೀರಿ ಅಂದ್ರ ಹಿಂಗ ತೊಳೀತಾರೇನ್ರಿ?" ಎಂದಳು ಭಾರತಿ ಸಣ್ಣ ದನಿಯಲ್ಲಿ.

"ಮುದುಕಿ ಆರು ತಿಂಗಳ ಕಣ್ಣು ಇದರಾಗ ಐತಿ," ಎಂದಳು ಒಬ್ಬಳು. "ಗಂಡಸರ ಕೈಗೆ ಕೊಡಬಾರದು," ಎಂದಳು ಇನ್ನೊಬ್ಬಳು.

ದುರುಗೇಶ ಕೈಯೆತ್ತಿದ. ತರಗತಿಯಲ್ಲಿ ಗದ್ದಲ ನಿಲ್ಲಿಸುವಾಗಿನ ಕೈ. "ಒಂದು ಮಾತು ಕೇಳ್ರಿ ಎಲ್ಲಾರು. ತಪ್ಪು ನಂದಲ್ಲ. ಹಳೇ ಸೀರಿ ಹಿಂಗ ಬಣ್ಣ ಬಿಡಂಗಿಲ್ಲ. ಈ ಕೆಂಪು ಬಟ್ಟಿ ನಮ್ಮವ್ವನ ಸೀರೀನೇ ಅಲ್ಲ. ಇದು ಹೊಸಾದು. ನಮ್ಮ ದೊಡ್ಡವ್ವಗ ಯಾರೋ—"

"ಲೇ ದುರುಗ್ಯಾ," ಎಂದು ಪಾರ್ವತೆಮ್ಮ ಕುರ್ಚಿಯಿಂದ ಎದ್ದಳು. "ಬಿಸಲಾಗ ಬಂದೀಯಾ. ಮೊದ್ಲು ಮುಖ ತೊಳಕೋ ಬಾ."

"ಇರು ದೊಡ್ಡವ್ವ, ಇದನ್ನ ಇವತ್ತು ಹೇಳಾಕ ಬೇಕು. ನಿನಗ ಮೋಸ—"

"ಬಾ ಅಂದೆ."

ಅವಳು ಅವನ ಮಣಿಕಟ್ಟು ಹಿಡಿದಳು. ಚಿಕ್ಕಂದಿನಲ್ಲಿ ಕಾಲುವೆಯ ದಂಡೆಯಿಂದ ಮನೆಗೆ ಎಳೆದೊಯ್ಯುತ್ತಿದ್ದ ಹಿಡಿತವೇ ಅದು. ದುರುಗೇಶ ಹಿಂದೆ ಹೋದ. ಹಿತ್ತಿಲಲ್ಲಿ, ನೀರಿನ ಹೌದಿನ ಪಕ್ಕ, ಅವಳು ಬಾಗಿಲು ಎಳೆದುಕೊಂಡು ಅವನ ಕೈ ಬಿಟ್ಟಳು. ಬಿಟ್ಟ ಮೇಲೂ ಅವಳ ಕೈ ನಡುಗುತ್ತಲೇ ಇರುವುದನ್ನು ದುರುಗೇಶ ನೋಡಿದ.

"ಯಾರೂ ಮೋಸ ಮಾಡಿಲ್ಲ. ನಾನೇ ತಂದೀನಿ ಅದನ್ನ."

"ಎಲ್ಲಿಂದ?"

"ಮುದಗಲ್ ಸಂತಿಯಿಂದ. ಹೊಲದದ್ದನ್ನೇ ತಂದೆ. ಮಾರೋ ಹೆಣ್ಮಗಳು ಬಣ್ಣ ಬಿಡಂಗಿಲ್ಲ ಅಂತ ಕೂಸಿನ ಆಣಿ ಮಾಡಿ ಕೊಟ್ಲು."

ದುರುಗೇಶ ಹೌದಿನ ಕಟ್ಟೆಯ ಮೇಲೆ ಕೂತ.

"ದೀಪಾವಳಿಯಿಂದ ಕೈ ಹಿಂಗ ಆಗ್ಯಾವ," ಎಂದು ಪಾರ್ವತೆಮ್ಮ ಎರಡೂ ಕೈ ಚಾಚಿ ತೋರಿಸಿದಳು. "ಸೂಜಿ ಬಟ್ಟಿಗೆ ಹೋಗೋದಕ್ಕಿಂತ ಬೆರಳಿಗೆ ಹೋಗೋದೇ ಹೆಚ್ಚು. ಎರಡು ತುಂಡು ಕೂಡಸಾಕ ಒಂದು ವಾರ ಹಿಡೀತು. ಊರಿಗೆಲ್ಲಾ ಹೇಳಿಬಿಟ್ಟಿದ್ದೆ. ನಿಮ್ಮತ್ತಿಗೂ ಹೇಳಿದ್ದೆ. ಏನ್ ಮಾಡಲಿ?"

"ಅವ್ವನ ಸೀರಿ?"

ಪಾರ್ವತೆಮ್ಮ ಕಂಕುಳಲ್ಲಿದ್ದ ಕೈಚೀಲದಿಂದ ಟವೆಲಿನಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದು ಅವನ ಕೈಗಿಟ್ಟಳು. ಕೆಂಪು ಎಂದು ಹೇಳಿದರಷ್ಟೇ ಕೆಂಪು ಎನ್ನಬಹುದಾದಷ್ಟು ಮಾಸಿದ ಸೀರೆ. ತೊಳೆದು ತೊಳೆದು ಹಾಲಿನ ಕೆನೆಯಷ್ಟು ಮೆತ್ತಗಾಗಿತ್ತು. "ಎರಡು ಸಲ ಕತ್ತರಿ ಹಿಡದೆ. ಕೈ ನಡಗ್ತು. ಡೊಂಕಾಗಿ ಹೋದ್ರ ಮತ್ತ ತರಾಕ ಎಲ್ಲಿಗೆ ಹೋಗೋದು? ಇವತ್ತು ಕೂಸಿಗೆ ಒಂದು ಸಲ ಮುಟ್ಟಿಸಿ ವಾಪಸ್ ಒಯ್ಯೋಣಂತ ತಂದೆ."

ಹಿತ್ತಿಲ ಗೋಡೆಯ ಆಚೆ ಯಾರೋ ಕೊಡ ತುಂಬಿಸುವ ಸದ್ದು ಕೇಳುತ್ತಿತ್ತು. ಪಾರ್ವತೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಒಳಗ ಹೋಗಿ ಹೇಳು. ನನ್ನ ದೊಡ್ಡವ್ವ ಸುಳ್ಳಿ ಅಂತ ಹೇಳು. ನಿನ್ನ ತಪ್ಪಿಲ್ಲಲ್ಲ. ನಾ ಏನೂ ಅನ್ನಂಗಿಲ್ಲ."

ಇಡೀ ಬಸ್ಸಿನ ದಾರಿ ತಯಾರಿಸಿದ್ದ ಮಾತುಗಳೆಲ್ಲ ದುರುಗೇಶನ ಬಾಯಲ್ಲಿ ಇನ್ನೂ ಇದ್ದವು. ಒಂದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಹೌದಿನ ನೀರಿನಿಂದ ಮುಖ ತೊಳೆದುಕೊಂಡ. ಸೀರೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ಒಳಗೆ ನಡೆದ.

ಪಡಸಾಲೆಯಲ್ಲಿ ಎಲ್ಲರೂ ಕಾಯುತ್ತಿದ್ದರು.

"ಬ್ಲೀಚಿಂಗ್ ಪೌಡರ್ ಹಾಕಿಬಿಟ್ಟೆ," ಎಂದ ದುರುಗೇಶ. "ಅದಕ್ಕ ಹಿಂಗಾತು. ಹಳೇ ಸೀರಿ, ಹೊಸಾ ಸೀರಿ ಅಂತ ಸುಮ್ನ ಏನೇನೋ ಅಂದೆ. ತಪ್ಪು ನಂದೇ."

ಮಸ್ಕಿಯ ಹೆಂಗಸರಿಗೆ ಇಷ್ಟು ಸಾಕಿತ್ತು. ಬ್ಲೀಚಿಂಗ್ ಪೌಡರ್ ಚರಂಡಿಗೆ ಹಾಕುವುದೇ ಹೊರತು ಕೂಸಿನ ಕೌದಿಗಲ್ಲ ಎಂದರು. ಓದಿದವರಿಗೆ ಬುದ್ಧಿ ಕಮ್ಮಿ ಎಂದರು. ಸುಳ್ಳು ಹೇಳಿ ಪಾರಾಗಲು ಹೊರಟಿದ್ದ, ದೊಡ್ಡವ್ವ ಒಳಗೆ ಕರೆದೊಯ್ದು ಒಪ್ಪಿಸಿದಳು ಎಂದು ತಾವೇ ಕತೆ ಕಟ್ಟಿಕೊಂಡರು. ಭಾರತಿ ಮುಖ ತಿರುಗಿಸಿದಳು. ಅತ್ತೆ ಎಲ್ಲರಿಗೂ ಚಹಾ ಕೊಟ್ಟು ಅಳಿಯನಿಗೆ ಕೊಡಲು ಮರೆತಳು.

ಎಲ್ಲರಿಗಿಂತ ಹೆಚ್ಚು ಬೈದವಳು ದೊಡ್ಡವ್ವ. ಮೊದಮೊದಲು ಅವಳ ದನಿ ಅಳುಕುತ್ತಿತ್ತು. ಬರಬರುತ್ತ ಕಾವೇರಿತು. "ಆರು ತಿಂಗಳು ಬೆನ್ನು ಮುರಕೊಂಡು ಹೊಲದೀನಿ. ಸೂಜಿ ಚುಚ್ಚಿ ಚುಚ್ಚಿ ಬೆರಳು ಜರಡಿ ಆಗ್ಯಾವ. ಈ ಬಹದ್ದೂರ ಒಂದು ಮುಂಜಾನಿಗೆ ಮುಗಿಸಿದ," ಎಂದಳು. ದುರುಗೇಶ ಒಂದು ಸಲ ಅವಳ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಈಗ ಅವಳು ಅದನ್ನು ನಿಜವೆಂದೇ ನಂಬಿಬಿಟ್ಟಿದ್ದಾಳೇನೋ ಎಂದು ಅವನಿಗೆ ಅನುಮಾನ ಬಂತು.

"ಹೋಗ್ಲಿ ಬಿಡ್ರಿ ಬೀಗ್ತೇರ," ಎಂದಳು ಅತ್ತೆ ಸಮಾಧಾನಕ್ಕೆ. "ನಿಮ್ಮಂಥಾ ಕೈ ಎಲ್ಲಿ ಸಿಗಬೇಕು. ಕಾರಹುಣ್ಣಿಮಿ ಒಳಗ ಇನ್ನೊಂದು ಹೊಲದು ಕೊಡ್ರಿ. ನಿಮ್ಮ ಕೈ ಕೌದಿ ಮ್ಯಾಲೇ ನನ್ನ ಮೊಮ್ಮಗಳು ಅಂಬೆಗಾಲಿಡ್ಲಿ."

"ಹೊಲೀತೀನಿ ಯವ್ವಾ. ಅದಕ್ಕೇನು?" ಎಂದಳು ಪಾರ್ವತೆಮ್ಮ, ಒಂದು ಕ್ಷಣವೂ ತಡಮಾಡದೆ.

ಹಳೆಯ ಚಾದರದ ಮಡಿಕೆಯ ಮೇಲೆ ಮಲಗಿಸಿ ಕೂಸನ್ನು ತೂಗಿದರು. ಕಿವಿಯಲ್ಲಿ ಹೆಸರು ಹೇಳಿದರು. ಕೂಸು ಯಾವ ತಕರಾರೂ ಮಾಡದೆ ನಿದ್ದೆಹೋಯಿತು.

ಹೊತ್ತು ಮುಳುಗುವ ಮುಂಚಿನ ಸಿಂಧನೂರು ಬಸ್ಸಿನಲ್ಲಿ ದೊಡ್ಡವ್ವ, ದುರುಗೇಶ ಪಕ್ಕಪಕ್ಕ ಕೂತರು. ಅವಳು ಸಿಂಧನೂರಿನಲ್ಲಿ ಇಳಿದು ತುರ್ವಿಹಾಳದ ಬಸ್ಸು ಹಿಡಿಯಬೇಕಿತ್ತು. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋದ.

"ಇನ್ನೊಂದು ಹೊಲೀತೀನಿ ಅಂದ್ಯಲ್ಲ," ಎಂದ ದುರುಗೇಶ. "ಮತ್ತ ಮುದಗಲ್ಲಿಗೆ ಹೋಗ್ತಿಯೇನು?"

"ಆ ಕಡೆ ಮುಖಾನೂ ಹಾಕಂಗಿಲ್ಲ."

"ಮತ್ತ ಯಾರು ಹೊಲೀಬೇಕು?"

ಪಾರ್ವತೆಮ್ಮ ಕೈಚೀಲವನ್ನು ಮುಂದಕ್ಕೆ ಎಳೆದುಕೊಂಡಳು. ಅದರಿಂದ ಟವೆಲಿನ ಗಂಟನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. ಅದರ ಮೇಲೆ ಒಂದು ಕತ್ತರಿ. ಕತ್ತರಿಯ ಪಕ್ಕ ಸೂಜಿ ಚುಚ್ಚಿದ ದಾರದ ಉಂಡೆ.

ದುರುಗೇಶ ಆ ಸಾಮಾನುಗಳನ್ನು ನೋಡಿದ. ಆಮೇಲೆ ದೊಡ್ಡವ್ವನನ್ನು ನೋಡಿದ. "ಬ್ಯಾಡ ದೊಡ್ಡವ್ವ. ನನಗ ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ."

"ನನಗೇನು ಹುಟ್ಟಿದ ದಿನಾನೇ ಬರತಿತ್ತೇನು? ಭಾನುವಾರಕ್ಕೊಮ್ಮಿ ನಾ ಬರ್ತೀನಿ, ಬಾಯಿಲೆ ಹೇಳ್ತೀನಿ, ನೀ ಕೈಲೆ ಹೊಲಿ. ಬಾಗಲು ಹಾಕ್ಕೊಂಡು ಹೊಲಿ. ಭಾರತಿಗೂ ಹೇಳಬ್ಯಾಡ, ಆಕಿ ಹೊಟ್ಯಾಗ ಮಾತು ನಿಲ್ಲಂಗಿಲ್ಲ."

"ನಾ ಹೊಲದದ್ದನ್ನ ನೀ ಹೊಲದಿ ಅಂತ ಹೇಳೋದು."

"ಹೂಂ."

"ಚಲೋ ಆದ್ರ ಹೆಸರು ನಿಂದು."

"ಕೆಟ್ರೂ ನಂದೇ ಅಲ್ಲೇನು? ಅದಕ್ಕ ಚಲೋತ್ನಾ ಹೊಲೀಬೇಕು," ಎಂದಳು ಪಾರ್ವತೆಮ್ಮ. "ಕರವಸ್ತ್ರ ಐತೇನು? ತೆಗಿ. ಈಗಿಂದ್ಲೇ ಕೈ ಕೂಡಸು."

ಬಸ್ಸು ಕುಣಿಯುತ್ತಿತ್ತು. ದುರುಗೇಶ ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ಸೂಜಿಗೆ ದಾರ ಪೋಣಿಸಿದ. ಕರವಸ್ತ್ರವನ್ನು ಮೊಳಕಾಲ ಮೇಲೆ ಹರವಿ, ನಾಲಿಗೆ ಕಚ್ಚಿಕೊಂಡು, ಒಂದು ಗೇಣು ಹೊಲಿಗೆ ಹಾಕುವ ಹೊತ್ತಿಗೆ ಅರ್ಧ ದಾರಿ ಮುಗಿದಿತ್ತು. ಬೆವರು ಒರೆಸಿಕೊಂಡು ದೊಡ್ಡವ್ವನ ಕಣ್ಣಿನ ಹತ್ತಿರ ಹಿಡಿದ. ಅವಳು ಕಿಟಕಿಯ ಬೆಳಕಿಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ನಡುಗುವ ಹೆಬ್ಬೆರಳನ್ನು ಹೊಲಿಗೆಯ ಉದ್ದಕ್ಕೂ ಆಡಿಸಿದಳು.

"ಬಿಚ್ಚು," ಎಂದಳು.